ಉಳಿದ ಗೋಡೆ, ಅಳಿದ ನೆರೆಹೊರೆ

ಹಳೆಯ ಕಟ್ಟಡವೊಂದನ್ನು ಕಾಪಾಡಿದ್ದೇವೆಂದು ಯಾರಾದರೂ ಹೆಮ್ಮೆಪಟ್ಟಾಗ ನಾವು ಎರಡು ಪ್ರಶ್ನೆ ಕೇಳಬೇಕು. ಅದರೊಳಗೆ ಈಗ ಯಾರಿದ್ದಾರೆ? ಅದನ್ನು ಕಟ್ಟಿದ ಕಾಲದಲ್ಲಿ ಅದರ ಸುತ್ತ ಇದ್ದವರು ಏನಾದರು? ಉಕ್ರೇನಿನ ನೈಋತ್ಯ ಮೂಲೆಯಲ್ಲಿ, ರುಮೇನಿಯದ ಗಡಿಗೆ ಹತ್ತಿರವಿರುವ ಚೆರ್ನಿವ್ತ್ಸಿ ನಗರದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಮೆಟ್ರೊಪಾಲಿಟನ್, ಅಂದರೆ ಪ್ರಾಂತದ ಹಿರಿಯ ಧರ್ಮಾಧ್ಯಕ್ಷ, ವಾಸಿಸುತ್ತಿದ್ದ ಭವ್ಯ ನಿವಾಸವಿದೆ. ಯುನೆಸ್ಕೊ ಅದನ್ನು 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಅದನ್ನು ಬಲ್ಲದ್ದು ಚಿತ್ರ ಮತ್ತು ನಕ್ಷೆಗಳ ಮೂಲಕ ಮಾತ್ರ. ಆದರೂ ಮೇಲಿನ ಪ್ರಶ್ನೆಗಳನ್ನು ಅದರ ಮುಂದಿಟ್ಟಾಗ ಒಂದಕ್ಕೆ ಸಮಾಧಾನದ, ಇನ್ನೊಂದಕ್ಕೆ ಸಂಕಟದ ಉತ್ತರ ದೊರೆಯುತ್ತದೆ.

ಈ ಸೀಮೆಯ ಹೆಸರು ಬುಕೊವಿನ. 1775ರಿಂದ 1918ರವರೆಗೆ ಅದು ಆಸ್ಟ್ರಿಯದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಉಕ್ರೇನಿಯನ್ನರು, ರುಮೇನಿಯನ್ನರು, ಯಹೂದಿಗಳು, ಜರ್ಮನರು, ಪೋಲರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದ ನಾಡು ಅದು. ಚಕ್ರವರ್ತಿ ಕ್ಯಾಥೊಲಿಕ್, ಪ್ರಜೆಗಳಲ್ಲಿ ಬಹುಪಾಲು ಆರ್ಥೊಡಾಕ್ಸ್. ತಮ್ಮ ಪೀಠದ ಘನತೆಗೆ ತಕ್ಕ ನಿವಾಸ ಬೇಕೆಂದು ಹಂಬಲಿಸಿದವರು ಬಿಷಪ್ ಯೆವ್‌ಹೆನ್ ಹಕ್ಮನ್. ಹಿಂದೆ ಸರ್ಕಾರ ಮಠಗಳ ಜಮೀನುಗಳನ್ನು ವಶಪಡಿಸಿಕೊಂಡು ಸ್ಥಾಪಿಸಿದ್ದ ಧಾರ್ಮಿಕ ನಿಧಿಯೊಂದಿತ್ತು. ಕಟ್ಟಡಕ್ಕೆ ಅದರಿಂದಲೇ ಹಣ ಒದಗಿತು. 1864ರಲ್ಲಿ ಆರಂಭವಾದ ಕೆಲಸ 1882ರಲ್ಲಿ ಮುಗಿಯಿತು. ಹಕ್ಮನ್ 1873ರಲ್ಲಿ ಮೆಟ್ರೊಪಾಲಿಟನ್ ಪದವಿಗೇರಿ ಅದೇ ವರ್ಷ ತೀರಿಕೊಂಡರು. ಕನಸು ಕಂಡವರಿಗೆ ಗೃಹಪ್ರವೇಶದ ಭಾಗ್ಯ ಇರಲಿಲ್ಲ.

ಶಿಲ್ಪಿ ಯೋಸೆಫ್ ಹ್ಲಾವ್ಕ ಕೂಡ ಹೊರನಾಡಿನವನೇ. ಹುಟ್ಟಿದ್ದು 1831ರಲ್ಲಿ, ಚೆಕ್ ನಾಡಿನಲ್ಲಿ. ವಿಯೆನ್ನದ ಪ್ರಸಿದ್ಧ ಆಪೆರಾ ಭವನದ ನಿರ್ಮಾಣದ ಗುತ್ತಿಗೆ ಹಿಡಿದು ಹೆಸರು ಮಾಡಿದ ಈತ, ದುಡಿಮೆಯ ಒತ್ತಡದಿಂದ 1869ರಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು ಅನೇಕ ವರ್ಷ ಹಾಸಿಗೆ ಹಿಡಿದಿದ್ದ. ಅವನ ನಕ್ಷೆಯ ಕಟ್ಟಡ ಅಷ್ಟರಲ್ಲೂ ಬೆಳೆಯುತ್ತಲೇ ಹೋಯಿತು.

ಕಟ್ಟಡದ ಗುಣದೋಷಕ್ಕೆ ಬರೋಣ. ಉದ್ಯಾನದ ನಡುವೆ, ವಿಶಾಲವಾದ ಅಂಗಳದ ಸುತ್ತ ಮೂರು ಭಾಗಗಳಿವೆ: ಎದುರಿಗೆ ನಿವಾಸ, ಒಂದು ಪಕ್ಕದಲ್ಲಿ ಪಾದ್ರಿಗಳ ವಿದ್ಯಾಲಯ ಮತ್ತು ಅದರ ಚರ್ಚು, ಇನ್ನೊಂದು ಪಕ್ಕದಲ್ಲಿ ಗಡಿಯಾರ ಗೋಪುರವುಳ್ಳ ಮಠ. ಗುಮ್ಮಟ ಬೈಜಾಂಟಿಯಮ್ಮಿನದು, ಕಮಾನು ರೊಮಾನೆಸ್ಕ್ ಶೈಲಿಯದು, ಗೋಪುರದಲ್ಲಿ ಗಾಥಿಕ್ ಛಾಯೆ, ಒಳಗಣ ಅಲಂಕಾರದಲ್ಲಿ ಮೂರರ ನೆನಪು. ಇಷ್ಟೊಂದು ಸಾಲ ತಂದರೆ ಕಟ್ಟಡ ತೇಪೆ ಹಾಕಿದಂತೆ ಕಾಣಬೇಕಿತ್ತು. ಹಾಗಾಗದೆ ಅದು ನಮ್ಮ ಅಜ್ಜಿಯರು ಹೊಲಿದ ಕೌದಿಯ ಹಾಗೆ ಒಂದಾಗಿದೆ. ತುಂಡುಗಳನ್ನು ಹಿಡಿದಿಟ್ಟ ದಾರವೆಂದರೆ ಕೆಂಪು ಇಟ್ಟಿಗೆ. ಮಾಡಿನ ಮೇಲೆ ಬಣ್ಣದ ಹಂಚಿನ ಚಿತ್ತಾರವಿದೆ. ಅದರಲ್ಲಿ ಆ ಸೀಮೆಯ ಕಸೂತಿಯ ಹೋಲಿಕೆಯನ್ನು ಕಾಣುವವರೂ ಇದ್ದಾರೆ. ದೋಷವಿಲ್ಲವೆಂದಲ್ಲ. ಸರ್ವಸಂಗ ಪರಿತ್ಯಾಗಿಯ ವಾಸಕ್ಕೆ ಇಷ್ಟು ಬಿಂಕ ಬೇಕಿತ್ತೇ ಎಂಬ ಸಂಶಯ ನಮಗಿದೆ. ದೂರದಿಂದ ನೋಡಿದರೆ ಮನೆಗಿಂತ ಕೋಟೆಯೆಂದೇ ತೋರುತ್ತದೆ.

ಮನೆಯ ಒಡೆಯರು ಬದಲಾಗುತ್ತಲೇ ಇದ್ದರು. ಬುಕೊವಿನ ರುಮೇನಿಯಕ್ಕೆ ಸೇರಬೇಕೆಂಬ ನಿರ್ಣಯ 1918ರ ನವೆಂಬರಿನಲ್ಲಿ ಈ ನಿವಾಸದ ಸಭಾಭವನದಲ್ಲೇ ಆಯಿತು. 1940ರಲ್ಲಿ ಸೋವಿಯೆತ್ ಸೇನೆ ಬಂದಿತು, ಮರುವರ್ಷ ರುಮೇನಿಯ ಮರಳಿತು, 1944ರಲ್ಲಿ ಮತ್ತೆ ಸೋವಿಯೆತ್. ಆ ವರ್ಷದ ಬೆಂಕಿಯಲ್ಲಿ ಸಭಾಭವನದ ಒಳಸೊಬಗು ಸುಟ್ಟುಹೋಯಿತು. ಇಂದು ಕಾಣುವ ಅಮೃತಶಿಲೆಯ ಸಭಾಂಗಣ ಬಳಿಕ ಸಜ್ಜುಗೊಳಿಸಿದ್ದು. ಅದನ್ನು ಹಳೆಯದೆಂದು ಮೆಚ್ಚುವುದಕ್ಕಿಂತ ಹೊಸದೆಂದು ತಿಳಿದು ಮೆಚ್ಚುವುದು ಪ್ರಾಮಾಣಿಕತೆ.

1955ರಿಂದ ಈ ಸಂಕೀರ್ಣ ವಿಶ್ವವಿದ್ಯಾನಿಲಯದ ನೆಲೆಯಾಗಿದೆ. ಆ ವಿದ್ಯಾನಿಲಯವಾದರೋ 1875ರಲ್ಲಿ, ಜರ್ಮನ್ ಬೋಧನಾ ಮಾಧ್ಯಮದೊಂದಿಗೆ, ಹುಟ್ಟಿದ್ದು. ಧರ್ಮಾಧ್ಯಕ್ಷರು ನಡೆದಾಡಿದ ಮೊಗಸಾಲೆಯಲ್ಲಿ ಇಂದು ಪುಸ್ತಕ ಹಿಡಿದ ಹುಡುಗ ಹುಡುಗಿಯರು ನಡೆದಾಡುತ್ತಾರೆ. ಚರ್ಚಿನಲ್ಲಿ ಆರಾಧನೆಯೂ ಮರಳಿ ಆರಂಭವಾಗಿದೆ. ಇದೇ ಮೊದಲ ಪ್ರಶ್ನೆಗೆ ಸಿಕ್ಕ ಸಮಾಧಾನದ ಉತ್ತರ. ಹ್ಲಾವ್ಕ ಮುಂದೆ ತನ್ನ ಗಳಿಕೆಯನ್ನು ವಿದ್ವಾಂಸರಿಗೂ ಪ್ರಾಗ್ ನಗರದ ಬಡ ವಿದ್ಯಾರ್ಥಿಗಳ ವಸತಿಗೂ ಧಾರೆಯೆರೆದವನು. ಈ ನೋಟ ಕಂಡಿದ್ದರೆ ಅವನು ಬೇಸರಿಸುತ್ತಿರಲಿಲ್ಲ.

ಎರಡನೆಯ ಪ್ರಶ್ನೆ ಕಠಿಣ. ಧಾರ್ಮಿಕ ಸಹಿಷ್ಣುತೆಯ ಕಾಲವೊಂದರ ಕುರುಹು ಎಂದು ಯುನೆಸ್ಕೊ ಈ ನಿವಾಸವನ್ನು ಗೌರವಿಸಿದೆ. ಆ ಸಹಿಷ್ಣುತೆಯನ್ನು ದಿನನಿತ್ಯ ಬಾಳಿದವರಾರು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದ ಸುಮಾರು ಮೂರರಲ್ಲೊಂದು ಪಾಲು ಜನ ಯಹೂದಿಗಳಾಗಿದ್ದರು. 1940ರಲ್ಲಿ ಜರ್ಮನರನ್ನು ಹಿಟ್ಲರನ ರಾಜ್ಯಕ್ಕೆ ಸಾಗಿಸಲಾಯಿತು. 1941ರಲ್ಲಿ ಯಹೂದಿಗಳನ್ನು ಕೇರಿಯೊಂದರಲ್ಲಿ ಕೂಡಿಹಾಕಿ, ಸಾವಿರಾರು ಮಂದಿಯನ್ನು ಟ್ರಾನ್ಸ್‌ನಿಸ್ಟ್ರಿಯಕ್ಕೆ ಅಟ್ಟಲಾಯಿತು. ಇದೇ ನಗರದಲ್ಲಿ 1920ರಲ್ಲಿ ಹುಟ್ಟಿದ ಕವಿ ಪೌಲ್ ಸೆಲಾನನ ತಂದೆತಾಯಿ ಅಲ್ಲಿಯೇ ಸತ್ತರು. ಅವನು ಪ್ಯಾರಿಸಿನಲ್ಲಿ ನೆಲೆಸಿ, ತಾಯಿಯಿಂದ ಕಲಿತ ಜರ್ಮನ್ ಭಾಷೆಯಲ್ಲೇ ಕೊನೆಯವರೆಗೂ ಬರೆದ. ಗೋಡೆಗಳು ಉಳಿದವು, ಆ ಗೋಡೆಗಳಿಗೆ ಅರ್ಥ ಕೊಟ್ಟ ನೆರೆಹೊರೆ ಉಳಿಯಲಿಲ್ಲ.

ಊರಿನ ಮನೆಗೆ ಬೀಗ ಜಡಿದು, ವರ್ಷಕ್ಕೊಮ್ಮೆ ಹೋಗಿ ಕಸ ಗುಡಿಸಿ ಬರುವ ನಮ್ಮಂಥವರಿಗೆ ಈ ಕಥೆ ದೂರದ್ದೆನಿಸದು. ಹಂಚು ಸರಿಪಡಿಸುವುದು ಸುಲಭ. ಪಕ್ಕದ ಮನೆಯವರನ್ನು ಮರಳಿ ತರಲಾಗದು. ಚೆರ್ನಿವ್ತ್ಸಿಯವರು ಬೀಗ ಹಾಕದೆ ಪಾಠ ಹೇಳಿಸಿದರು. 2022ರಿಂದ ಅವರ ದೇಶ ಮತ್ತೆ ಮಹಾಯುದ್ಧದ ಬೇಗೆಯಲ್ಲಿದೆ. ಆ ಇಟ್ಟಿಗೆಗಳು ಕ್ಷೇಮವಾಗಿರಲೆಂದು ನಾವು ಹಾರೈಸುತ್ತೇವೆ. ಅಲ್ಲಿ ಕಲಿಯುವ ಮಕ್ಕಳಿಗೆ ಗುಮ್ಮಟದ ಶೈಲಿಯ ಜೊತೆಗೆ ಕಳೆದುಹೋದ ನೆರೆಹೊರೆಯವರ ಕಥೆಯನ್ನೂ ಯಾರಾದರೂ ಹೇಳಲಿ ಎಂಬ ಹಾರೈಕೆ ಅದಕ್ಕಿಂತ ದೊಡ್ಡದು.