ಇನ್ಸ್‌ಬ್ರುಕ್ ನಗರದ ಸ್ಮಾರಕಗಳು: ಒಂದು ವಿಮರ್ಶೆ

ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತದ ರಾಜಧಾನಿಯಾದ ಇನ್ಸ್‌ಬ್ರುಕ್ ಆಲ್ಪ್ಸ್ ಪರ್ವತಗಳ ನಡುವೆ, ಇನ್ ನದಿಯ ದಂಡೆಯ ಮೇಲಿರುವ ನಗರ. ಹೆಸರಿನ ಅರ್ಥವೇ ಇನ್ ನದಿಯ ಸೇತುವೆ. ಹಳೆಯ ಪೇಟೆ ಚಿಕ್ಕದಾದುದರಿಂದ ಅಲ್ಲಿಯ ಮುಖ್ಯ ಸ್ಮಾರಕಗಳನ್ನು ಒಂದೇ ದಿನದಲ್ಲಿ ಕಾಲುನಡಿಗೆಯಲ್ಲಿ ನೋಡಿ ಮುಗಿಸಬಹುದು. ಈ ಲೇಖಕನೂ ಮೊದಲ ದಿನ ಹಾಗೆಯೇ ಮಾಡಿ, ರಾತ್ರಿ ತನ್ನ ಟಿಪ್ಪಣಿಗಳನ್ನು ಓದಿದಾಗ ನಾಚಿಕೆಪಟ್ಟನು. ಚಿನ್ನದ ಚಾವಣಿಯಿಂದ ಅರಸನ ಐಶ್ವರ್ಯವನ್ನೂ, ಸಮಾಧಿಯಿಂದ ಅವನ ಹಿರಿಮೆಯನ್ನೂ, ಯುದ್ಧದ ಚಿತ್ರದಿಂದ ಯುದ್ಧವನ್ನೂ ನೇರವಾಗಿ ಕಂಡುಕೊಂಡಂತೆ ಅಲ್ಲಿ ಬರೆದಿತ್ತು. ನಮ್ಮಲ್ಲಿ ಶಾಸನವೊಂದನ್ನು ಓದುವಾಗ ಅದನ್ನು ಬರೆಸಿದವರಾರು, ಯಾವಾಗ, ಏಕೆ ಎಂದು ಕೇಳದೆ ಮುಂದುವರಿಯುವ ವಿದ್ಯಾರ್ಥಿಯನ್ನು ನಾವು ಕ್ಷಮಿಸುವುದಿಲ್ಲ. ಪರದೇಶದ ಸ್ಮಾರಕದ ಮುಂದೆ ನಿಂತಾಗ ಮಾತ್ರ ಆ ಪ್ರಶ್ನೆಗಳು ನಮಗೇ ಮರೆತುಹೋಗುತ್ತವೆ. ಸ್ಮಾರಕವು ತಾನು ನೆನೆಯುವ ಘಟನೆಗಿಂತ ಮೊದಲು ತನ್ನನ್ನು ನಿಲ್ಲಿಸಿದ ಕಾಲಕ್ಕೆ ಸಾಕ್ಷಿಯೆಂಬ ದೃಷ್ಟಿಯಿಂದ ಆ ನಗರವನ್ನು ಮತ್ತೊಮ್ಮೆ ನೋಡುವುದು ಈ ಲೇಖನದ ಉದ್ದೇಶ.

ಯಾತ್ರಿಕರೆಲ್ಲ ಮೊದಲು ಬಂದು ನೆರೆಯುವುದು ಚಿನ್ನದ ಚಾವಣಿಯ ಮುಂದೆ. 1500ರ ವೇಳೆಗೆ ಒಂದನೆಯ ಮ್ಯಾಕ್ಸಿಮಿಲಿಯನ್ನನಿಗಾಗಿ ಕಟ್ಟಿದ ಈ ಮೊಗಸಾಲೆಯ ಮೇಲೆ ಚಿನ್ನದ ಲೇಪವಿರುವ ಎರಡೂವರೆ ಸಾವಿರಕ್ಕೂ ಹೆಚ್ಚು ತಾಮ್ರದ ಹೆಂಚುಗಳಿವೆ. ‘ಬರಿಗಿಸೆಯ ಫ್ರೆಡರಿಕ್’ ಎಂಬ ಹಿಂದಿನ ಅರಸನು ತನ್ನ ಬಡತನದ ಮಾತನ್ನು ಸುಳ್ಳಾಗಿಸಲು ಇದನ್ನು ಹೊದಿಸಿದನೆಂಬುದು ಜನಪ್ರಿಯ ಕಥೆ. ಫ್ರೆಡರಿಕ್ ತೀರಿಕೊಂಡುದು 1439ರಲ್ಲಿ. ಕಥೆಗೆ ಇಷ್ಟೇ ಉತ್ತರ ಸಾಕು. ಆದರೆ ಕಥೆಯ ಒಳಗಿನ ಅನುಮಾನ ಪೂರ್ತಿ ತಪ್ಪಲ್ಲ. ಮ್ಯಾಕ್ಸಿಮಿಲಿಯನ್ನನೂ ಸಾಲಗಾರನೇ. ಸಮೀಪದ ಷ್ವಾಟ್ಸ್ ಗಣಿಗಳ ಬೆಳ್ಳಿ ತಾಮ್ರಗಳು ಔಗ್ಸ್‌ಬರ್ಗಿನ ಫುಗ್ಗರ್ ಮನೆತನಕ್ಕೆ ಒತ್ತೆಯಾಗಿದ್ದುವು. ಅವನ ಕೊನೆಗಾಲದಲ್ಲಿ ಹಳೆಯ ಬಾಕಿ ತೀರದ ಕಾರಣ ಇದೇ ಊರಿನ ಛತ್ರದವರು ಅವನ ಪರಿವಾರಕ್ಕೆ ಇಂಬುಕೊಡಲಿಲ್ಲವೆಂದು ಪ್ರತೀತಿಯುಂಟು. ಚಾವಣಿಯ ಕೆಳಗಿನ ಉಬ್ಬುಶಿಲ್ಪಗಳಲ್ಲಿ ಅವನು ಎರಡು ಬಾರಿ ಕಾಣಿಸಿಕೊಳ್ಳುತ್ತಾನೆ, ಒಮ್ಮೆ ತನ್ನ ಇಬ್ಬರು ಪತ್ನಿಯರೊಡನೆ. ಈಗ ಅಲ್ಲಿರುವುವು ಪ್ರತಿಕೃತಿಗಳು, ಮೂಲಗಳು ವಸ್ತುಸಂಗ್ರಹಾಲಯದಲ್ಲಿವೆ. ಇದೇ ಚೌಕದಲ್ಲಿ 1536ರ ಫೆಬ್ರವರಿಯಲ್ಲಿ ಅನಬಾಪ್ಟಿಸ್ಟ್ ಪಂಥದ ಮುಂದಾಳು ಯಾಕೋಬ್ ಹುಟ್ಟರನನ್ನು ಜೀವಂತವಾಗಿ ಸುಡಲಾಯಿತು. ಅದನ್ನು ಹೇಳುವ ಒಂದು ಫಲಕ ಅಲ್ಲಿದೆ. ತಲೆಯೆತ್ತಿ ಚಾವಣಿಯನ್ನು ನೋಡುವವರಿಗೆ ಫಲಕ ಕಾಣುವುದಿಲ್ಲ.

ಹುಟ್ಟರನನ್ನು ಸುಟ್ಟಾಗ ಆಳುತ್ತಿದ್ದವನು ಮ್ಯಾಕ್ಸಿಮಿಲಿಯನ್ನನ ಮೊಮ್ಮಗ ಒಂದನೆಯ ಫರ್ಡಿನಾಂಡ್. ನಗರದ ಅತ್ಯಂತ ಗಂಭೀರ ಸ್ಮಾರಕವಾದ ಆಸ್ಥಾನದ ಚರ್ಚನ್ನು 1553ರಿಂದ 1563ರವರೆಗೆ ಕಟ್ಟಿಸಿದವನೂ ಅವನೇ. ಅದರ ನಡುವೆ ಅಜ್ಜನ ಸಮಾಧಿಯಿದೆ. ಅಜ್ಜನ ದೇಹ ಅಲ್ಲಿಲ್ಲ. 1519ರಲ್ಲಿ ವೆಲ್ಸ್ ಪಟ್ಟಣದಲ್ಲಿ ತೀರಿಕೊಂಡ ಚಕ್ರವರ್ತಿಯನ್ನು ಅವನು ಹುಟ್ಟಿದ ವೀನರ್ ನಾಯ್‌ಷ್ಟಾಟ್ ಊರಿನ ಕೋಟೆಯ ಪ್ರಾರ್ಥನಾಮಂದಿರದಲ್ಲಿ ಹೂಳಲಾಯಿತು. ಅವನು ತನ್ನ ಕಂಚಿನ ಪ್ರತಿಮೆಗಳನ್ನೂ ಅಲ್ಲಿಯೇ ಬಯಸಿದ್ದನು. ಅಷ್ಟು ಭಾರವನ್ನು ಆ ಮಂದಿರ ತಾಳಲಾರದೆಂದು ಇನ್ಸ್‌ಬ್ರುಕ್ಕಿನಲ್ಲಿ ಹೊಸ ಚರ್ಚು ಎದ್ದಿತು. ನಾಲ್ವತ್ತು ಪ್ರತಿಮೆಗಳ ಯೋಜನೆಯಲ್ಲಿ ಪೂರ್ತಿಯಾದುವು ಇಪ್ಪತ್ತೆಂಟು. ಸಮಾಧಿಯ ಮೇಲೆ ಮೊಣಕಾಲೂರಿ ಪ್ರಾರ್ಥಿಸುವ ಚಕ್ರವರ್ತಿಯ ವಿಗ್ರಹ ಸೇರಿದುದು 1584ರಲ್ಲಿ, ಅವನು ಸತ್ತು ಅರುವತ್ತೈದು ವರ್ಷಗಳಾದ ಮೇಲೆ.

ಆಳೆತ್ತರವನ್ನು ಮೀರಿದ ಈ ಕಪ್ಪು ಪ್ರತಿಮೆಗಳ ಸಾಲು ಯಾರನ್ನಾದರೂ ಬೆರಗುಗೊಳಿಸುತ್ತದೆ. ಬೆರಗು ತಿಳಿದ ಮೇಲೆ ಇವರೆಲ್ಲ ಯಾರೆಂದು ಕೇಳಬೇಕು. ತಂದೆ, ಪತ್ನಿ, ಮಗ ಇವರ ಪಕ್ಕದಲ್ಲಿಯೇ ಫ್ರಾಂಕರ ದೊರೆ ಕ್ಲೋವಿಸ್, ಗಾತರ ಥಿಯೊಡೊರಿಕ್, ಕಡೆಗೆ ಕಥೆಗಳ ರಾಜ ಆರ್ಥರ್ ಕೂಡ ನಿಂತಿದ್ದಾನೆ. ಕೊನೆಯ ಇಬ್ಬರನ್ನು 1513ರಲ್ಲಿ ನ್ಯೂರೆಂಬರ್ಗಿನ ಪೀಟರ್ ಫಿಷರನು ಎರಕಹೊಯ್ದನು. ಕಲೆಯ ದೃಷ್ಟಿಯಿಂದ ಉಳಿದವು ಇವೆರಡರ ಹತ್ತಿರ ಬರಲಾರವೆಂದು ನನ್ನ ಅಭಿಪ್ರಾಯ. ಇತಿಹಾಸದ ದೃಷ್ಟಿಯಿಂದ ಮಾತ್ರ ಇದು ಕಂಚಿನಲ್ಲಿ ಬರೆಸಿದ ವಂಶಪ್ರಶಸ್ತಿ. ನಮ್ಮ ರಾಜವಂಶಗಳು ತಮ್ಮ ಮೂಲವನ್ನು ಸೂರ್ಯನಿಗೂ ಚಂದ್ರನಿಗೂ ಒಯ್ದುದನ್ನು ಓದಿ ಮುಗುಳುನಗುವ ವಿದ್ಯಾರ್ಥಿಯು ಆರ್ಥರನ ಮುಂದೆ ಭಕ್ತಿಯಿಂದ ನಿಲ್ಲುವುದು ವಿಚಿತ್ರ.

ಅದೇ ಚರ್ಚಿನಲ್ಲಿ ಇನ್ನೊಂದು ಸಮಾಧಿಯಿದೆ. ಅಲ್ಲಿ ದೇಹವೂ ಇದೆ. ಅದು ಆಂಡ್ರೆಯಾಸ್ ಹೋಫರನದು. ನೆಪೋಲಿಯನ್ನನ ಏರ್ಪಾಡಿನಂತೆ 1805ರಲ್ಲಿ ಟಿರೋಲ್ ಬವೇರಿಯಕ್ಕೆ ಸೇರಿತು. 1809ರಲ್ಲಿ ರೈತರು ದಂಗೆಯೆದ್ದಾಗ ಛತ್ರದ ಒಡೆಯನಾದ ಹೋಫರ್ ಅವರ ನಾಯಕನಾದನು. ಅದೇ ಅಕ್ಟೋಬರಿನ ಸಂಧಿಯಲ್ಲಿ ವಿಯೆನ್ನದ ಆಸ್ಥಾನ ಟಿರೋಲನ್ನು ಕೈಬಿಟ್ಟಿತು. 1810ರ ಫೆಬ್ರವರಿ 20ರಂದು ಮಾಂತುವಾದಲ್ಲಿ ಹೋಫರನನ್ನು ಗುಂಡಿಟ್ಟು ಕೊಂದರು. ಅವನ ಅಸ್ಥಿಗಳನ್ನು 1823ರಲ್ಲಿ ಕೆಲವರು ಟಿರೋಲಿನ ಸೈನ್ಯಾಧಿಕಾರಿಗಳು ಅಪ್ಪಣೆಯಿಲ್ಲದೆ ಅಗೆದು ತಂದರು. ಬಂದುಬಿಟ್ಟ ಅಸ್ಥಿಗಳಿಗೆ ಆಸ್ಥಾನವು ತನ್ನ ಚರ್ಚಿನಲ್ಲಿಯೇ ಸ್ಥಳಕೊಟ್ಟಿತು. ಬದುಕಿದ್ದಾಗ ಕೈಬಿಟ್ಟ ಬಂಡುಗಾರನು ಹೀಗೆ ರಾಜಭಕ್ತಿಯ ಮೂರ್ತಿಯಾದನು.

ಈ ಕಾರ್ಯ ಪೂರ್ಣವಾದುದು ನಗರದ ದಕ್ಷಿಣಕ್ಕಿರುವ ಬೆರ್ಗಿಜೆಲ್ ಗುಡ್ಡದ ಮೇಲೆ. ಅಲ್ಲಿ 1809ರಲ್ಲಿ ನಾಲ್ಕು ಕಾಳಗಗಳಾದುವು. 1893ರಲ್ಲಿ ಚಕ್ರವರ್ತಿ ಫ್ರಾಂಜ್ ಯೋಸೆಫನ ಸಮ್ಮುಖದಲ್ಲಿ ಹೋಫರನ ಪ್ರತಿಮೆ ಅನಾವರಣಗೊಂಡಿತು. 1896ರಲ್ಲಿ ಸುಮಾರು ಸಾವಿರ ಚದರ ಮೀಟರುಗಳ ವರ್ತುಲಚಿತ್ರವೊಂದು ಸಿದ್ಧವಾಯಿತು. 2011ರಿಂದ ಅದು ಗುಡ್ಡದ ಮೇಲಿನ ಹೊಸ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿರುವುದು ಆಗಸ್ಟ್ 13ರ ಗೆಲವು. ನವೆಂಬರ್ 1ರ ಸೋಲು ಆ ವರ್ತುಲದ ಹೊರಗೆ ಉಳಿದಿದೆ. ದಂಗೆಯ ಕಾರಣಗಳನ್ನೂ ಬಣ್ಣದಲ್ಲಿ ಹುಡುಕಬಾರದು: ಹೊಸ ತೆರಿಗೆಗಳು ಮತ್ತು ಸೈನ್ಯಕ್ಕೆ ಬಲವಂತದ ಭರ್ತಿಯ ಜೊತೆಗೆ, ಧಾರ್ಮಿಕ ಆಚರಣೆಗಳ ನಿಷೇಧ ಹಾಗೂ ಸಿಡುಬಿನ ಕಡ್ಡಾಯ ಲಸಿಕೆಗಳ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು. ಸ್ವಾತಂತ್ರ್ಯವೆಂಬ ಒಂದೇ ಮಾತಿನಲ್ಲಿ ಇವೆಲ್ಲ ಅಡಗುವುದಿಲ್ಲ.

ಎಲ್ಲ ಸ್ಮಾರಕಗಳೂ ಹೀಗೆ ಮುಚ್ಚಿಡುತ್ತವೆಂದು ನನ್ನ ವಾದವಲ್ಲ. 1765ರ ವಿಜಯದ್ವಾರ ಇದಕ್ಕೆ ಹೊರತು. ಮರಿಯ ತೆರೇಸಳ ಮಗ ಲಿಯೊಪೋಲ್ಡನ ಮದುವೆಗೆಂದು ಅದನ್ನು ಕಟ್ಟಿದರು. ಆ ಸಂಭ್ರಮದ ದಿನಗಳಲ್ಲಿಯೇ ಆಗಸ್ಟ್ 18ರಂದು ವರನ ತಂದೆ ಇದೇ ನಗರದಲ್ಲಿ ಹಠಾತ್ತನೆ ತೀರಿಕೊಂಡನು. ದ್ವಾರದ ದಕ್ಷಿಣಮುಖ ಮದುವೆಯನ್ನೂ ಉತ್ತರಮುಖ ಶೋಕವನ್ನೂ ಹೇಳುತ್ತವೆ. ಎರಡನ್ನೂ ಓದಬೇಕಾದರೆ ಅದನ್ನು ದಾಟಿ ಹೋಗಿ ಹಿಂದಿರುಗಿ ನೋಡಬೇಕು.

ವಿಜಯದ್ವಾರದ ಸಮೀಪದಲ್ಲಿಯೇ ಪ್ರಾಂತ ಸರ್ಕಾರದ ಕಚೇರಿಯ ಮುಂದಣ ಚೌಕವಿದೆ. ಚೌಕದ ಒಂದು ಬದಿಗೆ ನಾಟ್ಸಿ ಆಡಳಿತವು 1938-39ರಲ್ಲಿ ಕಟ್ಟಿಸಿದ ಸೌಧ. ಅದಕ್ಕೆ ಎದುರಾಗಿ ಯುದ್ಧಾನಂತರ ಫ್ರೆಂಚ್ ಸೈನಿಕ ಆಡಳಿತವು 1948ರಲ್ಲಿ ಪೂರೈಸಿದ ವಿಮೋಚನಾ ಸ್ಮಾರಕ. ಆಸ್ಟ್ರಿಯದ ಸ್ವಾತಂತ್ರ್ಯಕ್ಕಾಗಿ ಮಡಿದವರಿಗೆ ಎಂದು ಲ್ಯಾಟಿನ್ ಭಾಷೆಯಲ್ಲಿ ಅದರ ಮೇಲೆ ಕೆತ್ತಿದೆ. ಎದುರಿನ ಸೌಧದ ಅಚ್ಚನ್ನೇ ತೆಗೆದುಕೊಂಡಂತಿರುವುದರಿಂದ ಮೊದಲ ನೋಟಕ್ಕೆ ಎರಡೂ ಒಂದೇ ಕೈಯ ಕೆಲಸವೆಂಬ ಭ್ರಾಂತಿಯಾಗುತ್ತದೆ, ನನಗೂ ಆಯಿತು. ಪ್ರತಿರೋಧದಲ್ಲಿ ಮಡಿದ ಟಿರೋಲಿನವರ ಹೆಸರುಗಳು ಅದರ ಮೇಲೆ ಬಂದುದು 2016ರಲ್ಲಿ. ಅರುವತ್ತೆಂಟು ವರ್ಷ ಅದು ಹೆಸರುಗಳಿಲ್ಲದೆ ನಿಂತಿತ್ತೆಂಬುದೇ ಯುದ್ಧಾನಂತರದ ಆಸ್ಟ್ರಿಯದ ಇತಿಹಾಸದಲ್ಲಿ ಒಂದು ಅಧ್ಯಾಯ.

ಅದೇ ಚೌಕದಲ್ಲಿ ಏಳು ಕವಲುಗಳ ದೀಪಸ್ತಂಭವೊಂದಿದೆ. 1938ರ ನವೆಂಬರಿನ ದೊಂಬಿಯಲ್ಲಿ ಬಲಿಯಾದ ನಾಲ್ವರು ಯೆಹೂದ್ಯರ ಹೆಸರುಗಳು ಅದರಲ್ಲಿವೆ. 1997ರಲ್ಲಿ ನಿಂತ ಇದರ ವಿನ್ಯಾಸ ಶಾಲೆಯ ವಿದ್ಯಾರ್ಥಿಯೊಬ್ಬನದು. ಚಿನ್ನದ ಚಾವಣಿಯಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ನನ್ನ ಮೊದಲ ದಿನದ ಟಿಪ್ಪಣಿಯಲ್ಲಿ ಅದರ ಮಾತೇ ಇರಲಿಲ್ಲ.