ಬಿಜ್ಜಳರಾಯನ ಚರಿತೆ: ಕಾವ್ಯವೋ, ದಾಖಲೆಯೋ?

ಕಲ್ಯಾಣವನ್ನಾಳಿದ ಕಲಚುರಿ ಬಿಜ್ಜಳನು ಜಿನಧರ್ಮೀಯನಾಗಿದ್ದನೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಇದಕ್ಕೆ ಮುಖ್ಯ ಆಧಾರ ಹದಿನೇಳನೆಯ ಶತಮಾನದ ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’. ಅದರಲ್ಲಿ ಬಿಜ್ಜಳನು ಜೈನ ದೊರೆ. ಅವನ ಮರಣ ವಿಷಪ್ರಯೋಗದಿಂದ. ಆ ಹೊಣೆ ಬಸವಣ್ಣನ ಮೇಲೆ. ಬಿಜ್ಜಳನು ಪಟ್ಟ ಬಿಟ್ಟುಕೊಟ್ಟದ್ದು ಸುಮಾರು 1167ರಲ್ಲಿ. ಐನೂರು ವರ್ಷಗಳ ತರುವಾಯ ಹುಟ್ಟಿದ ಕೃತಿಯ ಮಾತಿನ ಮೇಲೆ ಒಬ್ಬ ಮಹಾಪುರುಷನಿಗೆ ಕೊಲೆಯ ಕಳಂಕ ಹಚ್ಚುವುದು ಸತ್ಯಾಣುವ್ರತಿಗೆ ಒಪ್ಪುವ ಕಾರ್ಯವೇ ಎಂಬುದು ವಿಚಾರಣೀಯ.

ಬಿಜ್ಜಳನ ಕಾಲದ ಶಿಲೆಗಳು ಹೇಳುವುದೇ ಬೇರೆ. ಕಲಚುರಿಗಳು ‘ಕಾಲಂಜರಪುರವರಾಧೀಶ್ವರ’ರು, ‘ಸುವರ್ಣವೃಷಭಧ್ವಜ’ರು. ಇವು ಶೈವ ಮನೆತನದ ಬಿರುದುಗಳು. ಹಾವೇರಿ ಜಿಲ್ಲೆಯ ಅಬ್ಬಲೂರಿನ, ಸುಮಾರು 1200ರ ಶಾಸನ ಇನ್ನೂ ಕಹಿಯಾದುದು. ಜೈನರಿಗೂ ಏಕಾಂತದ ರಾಮಯ್ಯನಿಗೂ ನಡೆದ ವಾದದಲ್ಲಿ ಬಿಜ್ಜಳನು ರಾಮಯ್ಯನಿಗೇ ಜಯಪತ್ರವಿತ್ತು, ವೀರಸೋಮನಾಥನಿಗೆ ಗ್ರಾಮದಾನ ಮಾಡಿದನೆಂದು ಅದು ಹೇಳುತ್ತದೆ. ರಾಮಯ್ಯನ ಕಡಿದ ತಲೆ ಮರಳಿ ಕೂಡಿತೆಂಬ ಮಾತನ್ನು ಯಾರೂ ಒಪ್ಪಬೇಕಾಗಿಲ್ಲ. ಆದರೆ ಗೆದ್ದವರು ಕೆತ್ತಿಸಿದ್ದೆಂದು ದಾನದ ಸಂಗತಿಯನ್ನೂ ತಳ್ಳಿಹಾಕಲಾಗದು. ಭೂಮಿಯ ಲೆಕ್ಕ ಊರವರ ಕಣ್ಣೆದುರಿನದು.

ಶಾಸನವೂ ಹೊಗಳುಭಟನಾಗಬಲ್ಲದು. ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಶಿಲಾಬಾಲಿಕೆಯೇ ವಿಕ್ರಮಾದಿತ್ಯನ ಪ್ರಶಂಸೆ ಬರೆಯುತ್ತಾಳೆ! ಆದುದರಿಂದ ಪ್ರತಿಯೊಂದು ಲೇಖವನ್ನೂ, ಖತಾವಣಿಯನ್ನು ಕಿರ್ದಿಯೊಡನೆ ತಾಳೆ ನೋಡುವಂತೆ, ಸಮಕಾಲೀನ ಸಾಕ್ಷ್ಯದೊಡನೆ ಹೋಲಿಸಬೇಕು.

ಇಂಥ ಪರೀಕ್ಷೆ ಬೇರೆಯವರಿಗೂ ಬಂದಿದೆ. ಅಮೆರಿಕದ ಮಾರ್ಮನ್ ಪಂಥದ ಸಂಸ್ಥಾಪಕ ಜೋಸೆಫ್ ಸ್ಮಿತ್ 1835ರಲ್ಲಿ ಈಜಿಪ್ಟಿನ ಪ್ಯಾಪಿರಸ್ ಸುರುಳಿಗಳನ್ನು ಪಡೆದು, ಅವುಗಳಲ್ಲಿ ಅಬ್ರಹಾಮನ ಬರಹವಿದೆಯೆಂದು ಸಾರಿದನು. ಅದರ ಭಾಷಾಂತರವೆಂಬುದು 1842ರಲ್ಲಿ ಅಚ್ಚಾಯಿತು. ನಷ್ಟವಾದುವೆಂದು ತಿಳಿದಿದ್ದ ಸುರುಳಿಗಳ ತುಂಡುಗಳು 1966ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ದೊರೆತವು. ಆ ಲಿಪಿಯನ್ನು ಬಲ್ಲ ವಿದ್ವಾಂಸರು ಓದಿದಾಗ ಕಂಡದ್ದು ಮೃತರ ಪರಲೋಕಯಾತ್ರೆಗೆ ಬರೆದ ಸಾಮಾನ್ಯ ಪಾಠಗಳು, ಅಬ್ರಹಾಮನ ಸುಳಿವಿಲ್ಲ. ಮೂಲ ಸುರುಳಿಯ ಭಾಗ ಇನ್ನೂ ಸಿಕ್ಕಿಲ್ಲವೆಂದು ಕೆಲವರು, ಅದು ಭಾಷಾಂತರವಲ್ಲ, ದೈವಪ್ರೇರಣೆಯೆಂದು ಕೆಲವರು ಸಮರ್ಥಿಸಿಕೊಂಡರು. ಆದರೂ ದೊರೆತ ತುಂಡುಗಳ ಅಕ್ಷರಗಳು ಆ ಭಾಷಾಂತರಕ್ಕೆ ಹೊಂದುವುದಿಲ್ಲವೆಂದು 2014ರಲ್ಲಿ ಆ ಸಭೆಯೇ ಬರೆದು ಪ್ರಕಟಿಸಿತು. ಅವರ ಗ್ರಂಥದ ಕುರಿತು ನಗುವುದು ಸುಲಭ. ಅವರ ಆ ಬರಹದಷ್ಟು ನೇರವಾಗಿ ನಮ್ಮ ಸ್ಮರಣ ಸಂಚಿಕೆಗಳು ಬರೆಯುವುದು ಕಷ್ಟ.

ನಮ್ಮಲ್ಲಿಯೂ ಅಂಥ ಸಮರ್ಥನೆಗಳುಂಟು. ಬಿರುದುಗಳು ವಂಶಪಾರಂಪರ್ಯದವು, ಅರಸನ ಅಂತರಂಗ ಬೇರೆ ಎನ್ನುವರು. ಅಂತರಂಗಕ್ಕೆ ಸಾಕ್ಷಿಯೆಲ್ಲಿ? ಅನೇಕಾಂತವೆಂದರೆ ಇಲ್ಲದ್ದನ್ನೂ ಇದೆಯೆನ್ನುವ ಸೌಕರ್ಯವಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ವ್ಯಾಪಾರಸ್ಥನು ಸುಳ್ಳು ಪತ್ರ ಬರೆದರೆ ದೋಷವಾಗುವುದಾದರೆ, ಬಸದಿಯ ಗೋಡೆಯ ಫಲಕಕ್ಕೆ ವಿನಾಯಿತಿ ಎಲ್ಲಿಂದ ಬಂದೀತು? ಧರಣಿಪಂಡಿತನು ಕವಿ, ತನ್ನ ಕಾಲದ ನೋವಿಗೆ ಕಥೆ ಕಟ್ಟಿದನು. ಅವನನ್ನು ಕಾವ್ಯವೆಂದೇ ಓದಿದರೆ ಅವನಿಗೆ ಅಪಚಾರವಾಗದು.

ಕಲಚುರಿ ಆಳ್ವಿಕೆಯಲ್ಲಿ ಜೈನರ ಹಿರಿಮೆ ಅರಸುವ ಟ್ರಸ್ಟುಗಳಿಗೆ ದಂಡನಾಯಕ ರೇಚರಸನಿದ್ದಾನೆ. ‘ವಸುಧೈಕಬಾಂಧವ’ನೆಂಬ ಬಿರುದಿನ ಅವನು ಕಲಚುರಿಗಳ ಸೇವೆಯಲ್ಲಿದ್ದು, ಬಳಿಕ ಹೊಯ್ಸಳ ಬಲ್ಲಾಳನ ಬಳಿ ಸೇರಿ, ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದನು. ಆ ಬಸದಿ ಇಂದಿಗೂ ನಿಂತಿದೆ.