ಅಡಾಲ್ಫ್ ಲೋಸ್‌ನ ಮೆಟ್ಟಿಲುಗಳು

ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಎಂದೊಡನೆ ಎಲ್ಲರ ಬಾಯಿಗೂ ಬರುವುದು ಅಲಂಕಾರವನ್ನು ಅಪರಾಧದ ಪಕ್ಕ ಕೂರಿಸಿದ ಆ ಒಂದು ಪ್ರಬಂಧ. ಅದಕ್ಕೆ ಸಂದಿರುವ ಮನ್ನಣೆ ಅತಿಯಾಯಿತು. ಪ್ರಾಗ್‌ನ ಮ್ಯೂಲರ್ ಮನೆಯ ಹಾಲಿಗೆ ಗೆರೆಗೆರೆಯ ಚಿಪೊಲಿನೊ ಅಮೃತಶಿಲೆ ಹೊದಿಸಿದವನನ್ನು ಬೋಳು ಗೋಡೆಯ ಪ್ರವಾದಿಯೆಂದೇ ಕೊಂಡಾಡುವವರು ಆತನ ದೊಡ್ಡ ಕೆಲಸವನ್ನು ಕಂಡಿಲ್ಲ. ಶಿಷ್ಯ ಹೈನ್ರಿಶ್ ಕುಲ್ಕಾ 1931ರ ಪುಸ್ತಕದಲ್ಲಿ ‘ರೌಮ್‌ಪ್ಲಾನ್’ ಎಂದು ವಿವರಿಸಿದ ವಿಚಾರವೇ ಲೋಸ್‌ನ ಸಾಧನೆ: ಪ್ರತಿ ಕೋಣೆಗೂ ಅದರ ಕೆಲಸಕ್ಕೆ ತಕ್ಕ ಎತ್ತರ, ಅಲ್ಲಿ ಉಳಿಸಿದ್ದು ಪಕ್ಕದ ಕೋಣೆಗೆ.

1930ರಲ್ಲಿ ಮುಗಿದ ಆ ಮನೆಯನ್ನು ಹೊಕ್ಕು ನೋಡಿ. ಮೊದಲು ತಗ್ಗು ಮಾಡಿನ ಇಕ್ಕಟ್ಟು ನಡೆ, ಕೋಟು ಕಳಚುವ ಜಾಗ. ಕೆಲವು ಮೆಟ್ಟಿಲು ಹತ್ತಿ ತಿರುಗಿದರೆ ಒಮ್ಮೆಲೇ ಎತ್ತರದ ಹಾಲ್. ಊಟದ ಕೋಣೆಯ ನೆಲ ಹಾಲಿಗಿಂತ ಮೇಲೆ, ಅದರ ಮಹಾಗನಿ ಮಾಡು ಮಾತ್ರ ತಗ್ಗು. ಕೂತು ಉಣ್ಣುವವರ ತಲೆಯ ಮೇಲೆ ಅಷ್ಟೊಂದು ಗಾಳಿ ಬೇಕಿಲ್ಲ. ಜನ ಸೇರಿ ನಿಂತು ಮಾತಾಡುವಲ್ಲಿ ಬೇಕು. ಈ ಏರುಪೇರನ್ನೆಲ್ಲ ಒಂದೇ ಘನಾಕೃತಿಯೊಳಗೆ ಕೂಡಿಸಲು ಒಳಗಂಬಗಳ ಕಾಂಕ್ರೀಟ್ ರಚನೆ ಬೇಕಾಯಿತು; ಮಾಲೀಕ ಫ್ರಾಂಟಿಶೆಕ್ ಮ್ಯೂಲರ್ ಸ್ವತಃ ಕಾಂಕ್ರೀಟ್ ಬಲ್ಲ ಎಂಜಿನಿಯರ್. ಲ ಕಾರ್ಬೂಸಿಯೇ ಗೋಡೆಯನ್ನು ಸಡಿಲಿಸಿದ, ಲೋಸ್ ನೆಲವನ್ನೇ ಸಡಿಲಿಸಿದ. ಇಂಥ ಮನೆ ವಯಸ್ಸಾದವರಿಗೆ ಕಷ್ಟ, ನಿಜ.

ಹಾಲಿನತ್ತ ಕಿಟಕಿ ತೆರೆಯುವ ಮನೆಯೊಡತಿಯ ಪುಟ್ಟ ಕೋಣೆಯ ವಿಷಯದಲ್ಲಿ ನನಗೆ ತಕರಾರಿದೆ. ವಾಸ್ತುಶಿಲ್ಪದ ಇತಿಹಾಸಕಾರ್ತಿ ಬೀಟ್ರಿಸ್ ಕೊಲೊಮಿನಾ ಅದನ್ನು ನಾಟಕಶಾಲೆಯ ಬಾಕ್ಸ್ ಎಂದು ಓದಿದರು: ಅಲ್ಲಿ ಕೂತ ಹೆಣ್ಣು ನೋಡುತ್ತಾಳೆ, ತಾನೂ ನೋಟಕ್ಕೆ ಗುರಿಯಾಗುತ್ತಾಳೆ. ಆ ಕೋಣೆ ಅವಳಿಗೇ ಏಕೆ ಎಂಬ ಪ್ರಶ್ನೆ ತೂಕದ್ದು, ಅದನ್ನು ತಳ್ಳಿಹಾಕಲಾರೆ. ಆದರೆ ಆ ಓದು ಕ್ಯಾಮೆರಾ ನಿಂತಲ್ಲೇ ನಿಲ್ಲುತ್ತದೆ. ತನ್ನ ಒಳಾಂಗಣಗಳು ಫೋಟೊದಲ್ಲಿ ಸಪ್ಪೆ ಎಂದು ಲೋಸ್ ಹೆಮ್ಮೆಪಟ್ಟದ್ದು ಕೊಲೊಮಿನಾ ಅವರಿಗೂ ಗೊತ್ತು. ಅವರ ಹಿಂದೆ ಬಂದವರಿಗೆ ಅದು ನೆನಪಿದ್ದಂತಿಲ್ಲ. ತಗ್ಗು ಕೋಣೆಯಲ್ಲಿ ಕೂತವಳಿಗೆ ಆ ಕಿಟಕಿ ಹಾಲಿನ ಎತ್ತರವನ್ನು ಕಡ ಕೊಡುತ್ತದೆ. ಇದು ಅರ್ಥವಾಗಬೇಕಾದರೆ ಎರಡು ಕೋಣೆಗಳ ನೆಲ ಎಲ್ಲಿದೆ, ನಡುವೆ ಎಷ್ಟು ಹತ್ತಿದೆವು ಎಂಬುದು ಕಾಲಿಗೆ ಗೊತ್ತಿರಬೇಕು. ಕಿಟಕಿಯ ಬಗ್ಗೆ ಪುಟಗಟ್ಟಲೆ ಬರೆದವರು ಆ ಮನೆಯ ಸೆಕ್ಷನ್ ಅನ್ನು, ಅಂದರೆ ಮೇಲಿಂದ ಕೆಳಗೆ ಸೀಳಿ ತೋರಿಸುವ ನಕ್ಷೆಯನ್ನು, ಒಮ್ಮೆಯಾದರೂ ಕೈಯಾರೆ ಬಿಡಿಸಿ ನೋಡಬೇಕಿತ್ತು.